ದೊಡ್ಡೋನ ಗುಣಿ

ಮೊನ್ನೆ ಸೊಸೆ ಮನೆ ಗುಡಿಸುತ್ತಾ ನನ್ನ ಮಂಚದ ಕೆಳಗೆ ಪೊರಕೆ ಹಾಕಿದಳು. ಮಂಚದ ಒಂದು ಕಾಲು ಮೊದಲಿನಿಂದಲೂ ಮೊಟಕು. ಅದಕ್ಕೆ ಒತ್ತುಕೊಟ್ಟಿದ್ದ ಮರದ ತುಂಡು ಪೊರಕೆಗೆ ಸಿಕ್ಕಿ ಈಚೆಗೆ ಬಂತು, ಮಂಚ ವಾಲಿತು, ಮಂಚದ ಮೇಲೆ ಮಲಗಿದ್ದ ನಾನೂ ವಾಲಿದೆ. ಸೊಸೆ ಅದೊಂದನ್ನೂ ಗಮನಿಸದೆ ಆ ತುಂಡನ್ನು ಎತ್ತಿ ಹಿಡಿದು, "ಮಾವ, ಈ ಚೋಟುದ್ದ ಮರಾನ ಒಲೆಗಾಕ್ಲಾ?" ಎಂದಳು.

ನನಗೆ ಎಲ್ಲಿತ್ತೋ ಸಿಟ್ಟು! ಮಂಚ ವಾಲಿದ್ದಕ್ಕಲ್ಲ. 'ಚೋಟುದ್ದ' ಅಂದಳಲ್ಲ, ಅದಕ್ಕೆ. ಆ ಮಾತು ಕೇಳಿದರೆ ಈ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ. ಚೋಟು ಅಂದರೆ ಎಷ್ಟು ಅಂತ ನಿಮಗೆ ಗೊತ್ತಲ್ಲ, ಹೆಬ್ಬೆರಳನ್ನೂ ತೋರುಬೆರಳನ್ನೂ ಅಗಲಿಸಿದರೆ ನಡುವೆ ಸಿಗುವಷ್ಟು. ನಾನು ಹುಟ್ಟಿದಾಗ ಅಷ್ಟಿದ್ದೆನಂತೆ. ಸರಿ, ಹುಟ್ಟಿದಾಗ ಯಾರು ತಾನೇ ಮಾರುದ್ದ ಇರುತ್ತಾರೆ? ಆದರೆ ಮೀಸೆ ಬಂದಮೇಲೂ ನಮ್ಮವ್ವ ಅದೇ ಎರಡು ಬೆರಳು ಅಗಲಿಸಿ, "ನಮ್ ಸಣ್ಣೋನು ಇಷ್ಟೇ ಇಷ್ಟು" ಎಂದು ಬೀದಿಗೆಲ್ಲ ತೋರಿಸುತ್ತಿದ್ದಳು.

ನೀವು ಒಂದು ಕ್ಷಣ ಯೋಚಿಸಿ ನೋಡಿ. ದೊಡ್ಡದಕ್ಕೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಮಾತು, ದೊಡ್ಡದು. ಅಷ್ಟರಲ್ಲಿ ಮುಗಿಯಿತು. ಸಣ್ಣದಕ್ಕೋ? ಸಣ್ಣ, ಚಿಕ್ಕ, ಪುಟ್ಟ, ಗಿಡ್ಡ, ಕುಳ್ಳ, ಮೋಟು, ಪೀಚು, ಗುಜ್ಜ, ಚಿಳ್ಳೆ, ಪಿಳ್ಳೆ, ಗೇಣುದ್ದ, ಚೋಟುದ್ದ, ಮೊಣಕಾಲುದ್ದ. ಕನ್ನಡ ಸಾಲದೆಂಬಂತೆ ನಾವಿದ್ದ ಸೇಲಂ ಪೇಟೆಯ ಬೀದಿಯಲ್ಲಿ ತಮಿಳಿನವರು ಬೇರೆ ಕೈಜೋಡಿಸಿದ್ದರು: ಕುಳ್ಳಾ, ಚಿನ್ನವನೇ, ಪೊಡಿಯಾ. ಮನೆಯೊಳಗೆ ಒಂದು ಭಾಷೆಯಲ್ಲಿ ಬೈಸಿಕೊಂಡು ಹೊಸ್ತಿಲು ದಾಟಿದರೆ ಇನ್ನೊಂದು ಭಾಷೆ ಕಾದುಕೊಂಡಿರುತ್ತಿತ್ತು. ಎರಡು ಭಾಷೆ ಬಂದರೆ ಅನುಕೂಲ ಅನ್ನುತ್ತಾರಲ್ಲ, ಯಾರಿಗೆ ಅನುಕೂಲವೋ ನನಗೆ ತಿಳಿಯದು.

ಇದರಲ್ಲಿ ನನಗೆ ತೀರಾ ಅನ್ಯಾಯವೆನಿಸಿದ್ದು ಇನ್ನೊಂದು. ನಾವು ನೇಯುವ ಜನ. ನಮ್ಮಲ್ಲಿ ನೂಲು ಸಣ್ಣಗಿದ್ದಷ್ಟೂ ಅದಕ್ಕೆ ಮರ್ಯಾದೆ. ಸಣ್ಣ ನೂಲು ಬಂತೆಂದರೆ ಅವ್ವ ಕೈತೊಳೆದುಕೊಂಡು ಮುಟ್ಟುತ್ತಿದ್ದಳು, ಕಣ್ಣಿಗೊತ್ತಿಕೊಂಡು ಒಳಗಿಡುತ್ತಿದ್ದಳು. ಅದೇ ಬಾಯಲ್ಲಿ, ಅದೇ ಗಳಿಗೆಯಲ್ಲಿ, "ಲೇ ಸಣ್ಣೋನೆ, ಕಾಲಡೀಲಿ ಸಿಕ್ಕೋಬ್ಯಾಡ, ಅತ್ತಾಗ್ ಓಗು" ಎಂದು ನನ್ನನ್ನು ತಳ್ಳುತ್ತಿದ್ದಳು.

ನನ್ನ ನಿಜವಾದ ಹೆಸರು ಚೌಡಪ್ಪ. ತಾತನ ಹೆಸರು. ನಮ್ಮ ಅಣ್ಣನ ಹೆಸರೂ ಚೌಡಪ್ಪನೇ. ತಾತನ ಹೆಸರನ್ನು ಮೊಮ್ಮಕ್ಕಳಿಗೆ ಇಡಬೇಕೆಂಬುದು ನಮ್ಮ ಕಡೆಯ ಪದ್ಧತಿ. ಒಬ್ಬನಿಗೆ ಇಟ್ಟಾಯಿತಲ್ಲ, ಇನ್ನೊಬ್ಬನಿಗೆ ಬೇರೆ ಹುಡುಕೋಣ ಅಂತ ಯಾರಿಗೂ ತೋಚಲಿಲ್ಲ. ಹೀಗಾಗಿ ಅವನು ದೊಡ್ಡ ಚೌಡಪ್ಪ, ನಾನು ಸಣ್ಣ ಚೌಡಪ್ಪ. ದಿನ ಕಳೆದಂತೆ ಚೌಡಪ್ಪ ಅನ್ನುವುದು ಉದುರಿಹೋಗಿ ಅವನು ದೊಡ್ಡೋನು, ನಾನು ಸಣ್ಣೋನು ಎಂದು ಉಳಿದುಕೊಂಡೆವು. ತಾತನ ಹೆಸರು ಇಬ್ಬರಿಗೂ ದಕ್ಕಲಿಲ್ಲ.

ಅಣ್ಣ ಹೆಸರಿಗೆ ತಕ್ಕಂತೆ ಬೆಳೆದ. ನಮ್ಮ ಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾಗಿದ್ದವನು ಅವನೊಬ್ಬನೇ. ಅಪ್ಪ ತೀರಿಕೊಂಡ ಮೇಲೆ ಮಗ್ಗಕ್ಕೆ ಕೂತವನೂ ಅವನೇ. ನಮ್ಮದು ಗುಣಿಮಗ್ಗ. ಕಾಣದವರಿಗೆ ಹೇಳುತ್ತೇನೆ: ನೆಲದಲ್ಲಿ ಗುಣಿ ತೋಡಿರುತ್ತಾರೆ, ನೇಯುವವನು ಗುಣಿಯ ಅಂಚಿನ ಮೇಲೆ ಕೂತು ಕಾಲು ಒಳಗೆ ಇಳಿಬಿಟ್ಟು, ಗುಣಿಯ ನೆಲದ ಮೇಲಿರುವ ಎರಡು ತುಳಿಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾ ಕೈಯಲ್ಲಿ ಲಾಳಿ ಆಡಿಸಬೇಕು. ಗುಣಿಯ ಆಳ ನೇಯುವವನ ಕಾಲಿನ ಅಳತೆಗೆ ಇರಬೇಕು. ಅಣ್ಣ ಕೂತಾಗ ಅಪ್ಪನ ಗುಣಿ ಅವನಿಗೆ ಸಾಲದೆ, ಮತ್ತಷ್ಟು ತೋಡಿಸಿ ತನ್ನ ಕಾಲಿಗೆ ಸರಿಮಾಡಿಕೊಂಡ. ಅಗೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ ನೋಡಿ. ದೊಡ್ಡವರಿಗೆ ಎಲ್ಲವೂ ಹೀಗೇ ಸಲೀಸು.

ಆಗ ಮೇಟೂರಿನಲ್ಲಿ ಕಾವೇರಿಗೆ ಆಣೆಕಟ್ಟು ಏಳುತ್ತಿದ್ದ ಕಾಲ. ಸೇಲಂ ಸುತ್ತಿನ ಊರೂರಲ್ಲಿ ಅದೇ ಮಾತು. ಮೊರಪ್ಪೂರಿನ ರೈಲು ಸ್ಟೇಷನ್ನಿನಲ್ಲಿ ಇಳಿದವರೂ, ಪಾಲಕೋಡಿನ ಸಂತೆಗೆ ಹೋದವರೂ ಬಂದು ಆಣೆಕಟ್ಟಿನ ಸುದ್ದಿಯನ್ನೇ ಹೇಳುತ್ತಿದ್ದರು, ತಾವು ಕಂಡಿರಲಿ ಬಿಡಲಿ. ಒಂದು ದಿನ ಅಲ್ಲಿಯ ಮೇಸ್ತ್ರಿಯೊಬ್ಬ ನಮ್ಮ ಬೀದಿಗೆ ಬಂದವನು ಅಣ್ಣನ ಭುಜ ನೋಡಿ, "ಇಂಥಾ ಆಳಿಗೆ ಗುಣಿಯೊಳಗೇನಯ್ಯಾ ಕೆಲಸ?" ಎಂದ. ಅಣ್ಣ ಅತ್ತಿಗೆಯನ್ನು ಕರೆದುಕೊಂಡು ಹೊರಟೇಬಿಟ್ಟ. ಹೊರಡುವಾಗ ಮಗ್ಗದ ಮುಂದೆ ನಿಂತು ನನಗೆ ಹೇಳಿದ: "ಲೇ ಸಣ್ಣೋನೆ, ಅಣೆ ಮುಗ್ಯೋಗಂಟ ನೀ ಕೂತಿರು. ಮಗ್ಗ ಒಣಗಿಸ್ಬ್ಯಾಡ. ಬಂದ್ಮೇಲೆ ನಾ ನೋಡ್ಕೊಂತೀನಿ."

ಕೂತಿರು ಅಂದನೇ ಹೊರತು ನಿನ್ನದು ಅನ್ನಲಿಲ್ಲ. ಅದನ್ನು ಅವತ್ತೇ ನಾನು ಕಿವಿಯಲ್ಲಿ ಇಟ್ಟುಕೊಂಡೆ.

ಕೂತೆ. ಕಾಲು ಇಳಿಬಿಟ್ಟೆ. ಗಾಳಿಯಲ್ಲಿ ತೂಗಾಡಿತು. ತುಳಿಹಲಗೆ ಎಲ್ಲೋ ಕೆಳಗೆ, ನನ್ನ ಪಾದ ಎಲ್ಲೋ ಮೇಲೆ. ಅವ್ವ ಬಗ್ಗಿ ನೋಡಿ, ಅಯ್ಯೋ ಪಾಪ ಅನ್ನುವ ಬದಲು ಬಿದ್ದುಬಿದ್ದು ನಕ್ಕಳು. "ಗುಣಿ ಸ್ವಲ್ಪ ಮುಚ್ಚಿಸೋಣವ್ವಾ" ಎಂದೆ. ನಗು ತಟ್ಟನೆ ನಿಂತಿತು. ನಮ್ಮಲ್ಲಿ ನೇಯುವವನು ಸತ್ತು, ಅವನ ಮಗ್ಗಕ್ಕೆ ಕೂರುವವರು ಇಲ್ಲದಿದ್ದರೆ ಮಾತ್ರ ಗುಣಿಗೆ ಮಣ್ಣು ಹಾಕುತ್ತಾರೆ. ಆಳು ಬದುಕಿರುವಾಗ ಗುಣಿ ಮುಚ್ಚಿದರೆ ಅವನಿಗೇ ಕೇಡು ಬಯಸಿದಂತೆ. "ಆ ಮಾತು ಇನ್ನೊಂದ್ ಸಾರಿ ಬಾಯಾಗ್ ಬಂದ್ರೆ ನಾಲ್ಗೆ ಸುಟ್ಬುಡ್ತೀನಿ. ನನ್ ಮಗ ಅಲ್ಲಿ ಬಂಡೆ ಒಡೀತಾವ್ನೆ, ಇಲ್ಲಿ ಅವ್ನ ಗುಣಿಗೆ ಮಣ್ಣಾಕ್ತೀಯಾ?" ಎಂದು ಅವ್ವ ಕಣ್ಣೀರೇ ಹಾಕಿದಳು. ಅವಳ ಇನ್ನೊಬ್ಬ ಮಗ ಅದೇ ಗುಣಿಯಲ್ಲಿ ನೇತಾಡುತ್ತಿದ್ದುದು ಅವಳ ಗಮನಕ್ಕೆ ಬರಲಿಲ್ಲ.

ಕೊನೆಗೆ ಉಪಾಯ ಸಿಕ್ಕಿತು. ಹುಣಿಸೆಮರದ ಎರಡು ದಪ್ಪ ತುಂಡು ತಂದು ತುಳಿಹಲಗೆಗಳ ಮೇಲೆ ಕಟ್ಟಿಕೊಂಡೆ. ಮೊನ್ನೆ ಸೊಸೆ ಒಲೆಗೆ ಹಾಕಲು ಹೊರಟಿದ್ದು ಅದರಲ್ಲಿ ಒಂದು. ಅದರ ಮೇಲೆ ಪಾದವಿಟ್ಟು ಹೇಗೋ ತುಳಿಯುತ್ತಿದ್ದೆ. ಆದರೆ ಭಾರದ ತುಂಡು, ಏರುಪೇರು. ಸಾಯಂಕಾಲ ಮಗ್ಗದಿಂದ ಏಳುವಾಗ ಸೊಂಟ ಹಿಡಿದು, ಗೋಡೆ ಹಿಡಿದು, ದೇವರನ್ನೂ ಹಿಡಿದು ಏಳಬೇಕು. ಇಷ್ಟೆಲ್ಲ ಕಷ್ಟಪಟ್ಟು ಸೀರೆ ಇಳಿಸಿದರೆ ಬೀದಿಯವರು ಏನನ್ನುತ್ತಿದ್ದರು ಗೊತ್ತೇ? "ದೊಡ್ಡೋನ ಮಗ್ಗದ ಸೀರೆ, ಅಂಚು ಚೆನ್ನಾಗೈತೆ." ದೊಡ್ಡೋನು ಮೇಟೂರಿನಲ್ಲಿ ಬಂಡೆ ಒಡೆಯುತ್ತಿದ್ದರೂ ಅಂಚು ಅವನದೇ! ಅಷ್ಟೇ ಅಲ್ಲ, ಸೀರೆ ಅಳೆಯಲು ನನ್ನ ಮೊಳ ಮೋಟು ಅಂತ ಅಣ್ಣ ತನ್ನ ಮೊಳದ ಉದ್ದಕ್ಕೆ ಒಂದು ಕೋಲು ಕಡಿದು ಇಟ್ಟುಹೋಗಿದ್ದ. ಅವನು ಹೋದರೂ ಅವನ ತೋಳು ಮನೆಯ ಮೂಲೆಯಲ್ಲಿ ಒರಗಿಕೊಂಡು ನನ್ನನ್ನು ನೋಡುತ್ತಲೇ ಇತ್ತು.

ಹೀಗಿರುವಾಗ ನನಗೆ ಹೆಣ್ಣು ಕೊಡುತ್ತೇವೆಂದು ನಂಗವಳ್ಳಿಯಿಂದ ಒಬ್ಬರು ಬಂದರು. ನಮ್ಮಲ್ಲಿ ಗಂಡನ್ನು ಮಗ್ಗದ ಮೇಲೆ ನೋಡಬೇಕು. ಜಗುಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟು ನೋಡುವುದೆಲ್ಲ ಆಮೇಲೆ ಬಂದದ್ದು. ಹುಡುಗ ಹೇಗೆ ನೇಯುತ್ತಾನೆ, ಎಳೆ ಕಡಿದರೆ ಸಿಟ್ಟಾಗುತ್ತಾನೋ ಸಮಾಧಾನದಿಂದ ಗಂಟು ಹಾಕುತ್ತಾನೋ, ಇದನ್ನು ನೋಡಿ ಹೆಣ್ಣು ಕೊಡುವುದು. ಈಗ ನನ್ನ ದೇಹದ ಒಂದು ಗುಟ್ಟು ಹೇಳಬೇಕು. ನನ್ನ ಗಿಡ್ಡತನವೆಲ್ಲ ಇರುವುದು ಕಾಲಿನಲ್ಲಿ. ಕೂತರೆ ನಾನು ಎಲ್ಲರಂತೆಯೇ. ಗುಣಿಮಗ್ಗದಲ್ಲಿ ಕಾಲು ಕಾಣುವುದಿಲ್ಲ.

ನಂಗವಳ್ಳಿ ಮಾವ ಒಳಗೆ ಬಂದಾಗ ಹಿರಿಯರೆಂದು ಏಳಹೋದೆ. ಅವ್ವನ ಕೈ ನನ್ನ ಹೆಗಲ ಮೇಲೆ ಬಂಡೆಯಂತೆ ಕೂತಿತು. "ಏಳ್ಬ್ಯಾಡಪ್ಪಾ, ಎಳೆ ಕಡೀತದೆ" ಎಂದಳು.

"ಎಳೆ ಸರ್ಯಾಗೇ ಐತವ್ವಾ, ನಮಸ್ಕಾರ ಮಾಡ್ತೀನಿ."

"ಕೂತ್ಕೊಂಡೇ ಮಾಡು. ದೇವ್ರು ಒಪ್ಕೊಂತಾನೆ."

ಎರಡು ಸಲ ಏಳಹೋದೆ, ಎರಡು ಸಲವೂ ಒತ್ತಿ ಕೂರಿಸಿದಳು. ಮಾವ ನನ್ನ ಅಂಚು ಮುಟ್ಟಿ ನೋಡಿದರು, ಲಾಳಿ ಓಡುವುದನ್ನು ನೋಡಿದರು, "ನಲ್ಲ ಮಾಪಿಳ್ಳೆ, ಭೂಮಿಗೆ ಅಂಟ್ಕೊಂಡವ್ನೆ" ಎಂದು ಮೆಚ್ಚಿದರು. ಆ ಕಡೆಯವರಿಗೆ ನಡುವೆ ತಮಿಳು ಸೇರದಿದ್ದರೆ ಮಾತು ಮುಗಿಯುವುದಿಲ್ಲ. ಒಳ್ಳೆಯ ಅಳಿಯ ಎಂದರ್ಥ. ಅಂಟಿಕೊಂಡಿದ್ದು ನಾನಲ್ಲ ಸ್ವಾಮಿ, ಅಂಟಿಸಿದವಳು ನನ್ನ ತಾಯಿ ಎಂದು ಕೂಗಬೇಕೆನಿಸಿತು. ಕೂಗುವಷ್ಟರಲ್ಲಿ ಎಲೆಯಡಿಕೆ ಬದಲಾಯಿಸಿ ಆಗಿತ್ತು.

ಮದುವೆಯಲ್ಲಿ ನಾನು ನಿಂತೆ. ಅಡ್ಡ ಹಿಡಿದಿದ್ದ ಬಟ್ಟೆ ಕೆಳಗಿಳಿದಾಗ ಹೆಣ್ಣಿನ ಮುಖ ಕಾಣಬೇಕಾದ ಜಾಗದಲ್ಲಿ ನನಗೆ ಅವಳ ಕೊರಳ ಸರ ಕಂಡಿತು. ಹುಡುಗಿಯ ಹೆಸರು ನರಸಮ್ಮ, ನನಗಿಂತ ಒಂದು ಗೇಣು ಎತ್ತರ. ಹಿಂದಿನಿಂದ ನಂಗವಳ್ಳಿಯ ಮುದುಕಿಯೊಬ್ಬಳು, "ಮಾಪಿಳ್ಳೆ ಎಂಗೇ?" ಎಂದು ಗಟ್ಟಿಯಾಗಿ ಕೇಳಿದಳು. ಮದುಮಗ ಎಲ್ಲಿ ಎಂದು! ನಾನು ಬಾಸಿಂಗ ಕಟ್ಟಿಕೊಂಡು ಅವಳ ಮುಂದೆಯೇ ನಿಂತಿದ್ದೆ. ಅವಮಾನವಾಯಿತು, ಇಲ್ಲವೆನ್ನುವುದಿಲ್ಲ. ಆ ಹುಡುಗಿ ನಕ್ಕರೆ ಅವತ್ತೇ ಮೇಟೂರಿಗೆ ಹೋಗಿ ಕಾವೇರಿಗೆ ಹಾರುವುದೆಂದು ತೀರ್ಮಾನಿಸಿದೆ. ಅವಳು ನಗಲಿಲ್ಲ. ತಲೆ ಬಗ್ಗಿಸಿ ನನ್ನನ್ನು ಒಮ್ಮೆ ನೋಡಿದಳು, ಆಮೇಲೆ ನನ್ನ ಕಾಲುಗಳನ್ನು ನೋಡಿದಳು, ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿಕೊಂಡಳು.

ಮನೆಗೆ ಬಂದ ಮರುದಿನವೇ ಅವಳು ಗುಣಿಯೊಳಗೆ ಬಗ್ಗಿದಳು.

"ಇದ್ಯಾಕೆ ಇಲ್ಲಿ ಮರ ಕಟ್ಟೈತೆ?"

"ಗುಣಿ ಆಳ. ಅಣ್ಣಂದು."

"ಅವ್ರು ಇಲ್ವಲ್ಲ?"

"ಬತ್ತಾನೆ, ಅಣೆ ಮುಗಿದ್ಮೇಲೆ."

"ಬಂದ್ರೆ ನೀವು?"

ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಉತ್ತರವನ್ನು ಅಡುಗೆಮನೆಯಿಂದ ಅವ್ವನೇ ಕೊಟ್ಟಳು: "ಅವ್ನು ಬಂದ್ರೆ ಅವ್ನ ಮಗ್ಗ ಅವ್ನಿಗೆ. ಸಣ್ಣೋನು ಮೊದ್ಲಂಗೆ ಕಂಡಿಕೆ ಸುತ್ಕೊಂಡಿರ್ತಾನೆ." ಕಂಡಿಕೆ ಸುತ್ತುವುದೆಂದರೆ ಲಾಳಿಯೊಳಗೆ ಇಡುವ ನೂಲನ್ನು ರಾಟೆಯಲ್ಲಿ ಸುತ್ತುವುದು. ನಮ್ಮಲ್ಲಿ ಅದು ಹೆಂಗಸರು, ಮಕ್ಕಳು ಮಾಡುವ ಕೆಲಸ. ಹೆಂಡತಿ ಒಂದು ರಾಟೆ, ನಾನೊಂದು ರಾಟೆ ಎದುರುಬದುರು ಇಟ್ಟುಕೊಂಡು ಅಣ್ಣನಿಗೆ ನೂಲು ಸುತ್ತಿಕೊಡುವ ಚಿತ್ರ ಕಣ್ಣ ಮುಂದೆ ಬಂದು ನನಗೆ ಅನ್ನ ಸೇರಲಿಲ್ಲ. ಅಲ್ಲಿಯವರೆಗೆ ಆಣೆಕಟ್ಟು ಯಾವಾಗ ಮುಗಿಯುತ್ತದೋ ಎಂದು ಊರಿನವರ ಜೊತೆ ಕುತೂಹಲಪಡುತ್ತಿದ್ದ ನಾನು, ಅವತ್ತಿನಿಂದ ಅದು ಮುಗಿಯದೇ ಇರಲಿ ಎಂದು ಬೇಡಿಕೊಳ್ಳತೊಡಗಿದೆ. ಊರಿಗೆಲ್ಲ ನೀರು ಕೊಡುವ ಅಷ್ಟು ದೊಡ್ಡ ಕೆಲಸಕ್ಕೆ ಅಡ್ಡಿ ಬಯಸಿದವನು ಈ ಸೀಮೆಯಲ್ಲೆಲ್ಲ ನಾನೊಬ್ಬನೇ ಇದ್ದಿರಬೇಕು.

ನರಸಮ್ಮ ಗುಣಿ ಮುಚ್ಚುವ ಮಾತೆತ್ತಿದ್ದಕ್ಕೆ ಅವ್ವ ಅವಳಿಗೂ ನಾಲಿಗೆ ಸುಡುವ ಮಾತು ಹೇಳಿದಳು. ಅವಳು "ಸರಿ ಅತ್ತೆ" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಆಮೇಲೆ ನಡೆದದ್ದನ್ನು ಹೇಳಲು ಈಗಲೂ ನನಗೆ ನಾಚಿಕೆ. ಮದುವೆಯಾಗಿ ಕೆಲವು ತಿಂಗಳಾಗಿರಬೇಕು, ನೇಯುತ್ತಿರುವಾಗ ನನ್ನ ಮೊಣಕಾಲು ಎದುರಿಗಿರುವ, ನೇಯ್ದ ಬಟ್ಟೆ ಸುತ್ತುವ ಮರಕ್ಕೆ ತಗುಲಿತು. ಏನೋ ಅಡ್ಡ ಕೂತಿದ್ದೇನೆ ಅಂದುಕೊಂಡೆ. ಮರುದಿನವೂ ತಗುಲಿತು. ತುಳಿಹಲಗೆಗೆ ಕಟ್ಟಿದ ಹಗ್ಗ ಸಡಿಲವಾಗಿ ಜೋತಾಡುತ್ತಿತ್ತು. ಹಗ್ಗ ಯಾವಾಗಲೂ ಸಡಿಲವಾಗುತ್ತದೆ, ಬಿಗಿದು ಕಟ್ಟಿದೆ. ಆದರೂ ಮೊಣಕಾಲು ತಗುಲುವುದು ನಿಲ್ಲಲಿಲ್ಲ. ಕೊನೆಗೆ ಹುಣಿಸೆ ತುಂಡುಗಳನ್ನು ಬಿಚ್ಚಿ ಮಚ್ಚಿನಲ್ಲಿ ಒಂದಿಷ್ಟು ಕೆತ್ತಿ ತೆಳುವು ಮಾಡಿದೆ. ಸರಿಹೋಯಿತು. ಮುಂದಿನ ತಿಂಗಳು ಮತ್ತೆ ತಗುಲಿತು. ಮತ್ತೆ ಕೆತ್ತಿದೆ.

ಮಚ್ಚು ಕೈಯಲ್ಲಿ ಹಿಡಿದಿದ್ದಾಗಲೇ ನನಗೆ ಹೊಳೆದದ್ದು. ನಾನು ಬೆಳೆಯುತ್ತಿದ್ದೇನೆ!

ನಗಬೇಡಿ. ನನ್ನ ಜಾಗದಲ್ಲಿ ನೀವಿದ್ದರೆ ನೀವೂ ಹಾಗೇ ತಿಳಿಯುತ್ತಿದ್ದಿರಿ. ನೇಯುವವನಿಗೆ ಗುಣಿಯೇ ಅಳತೆ. ಗುಣಿಯ ನೆಲ ನೆಲವೇ, ಅದು ಏಳುವುದಿಲ್ಲ. ಹಾಗಾದರೆ ಉದ್ದವಾದದ್ದು ನನ್ನ ಕಾಲೇ ತಾನೇ? ಅವ್ವನಿಗೆ ಹೇಳಿದೆ. ಅವಳು ಕೆತ್ತಿದ ತುಂಡನ್ನು ತಿರುಗಿಸಿ ನೋಡಿ, "ಮದ್ವೆ ಆದ್ಮೇಲೆ ಗಂಡುಡುಗ್ರು ಬೆಳೆಯೋದುಂಟು, ನಿಮ್ಮಪ್ಪನೂ ಅಂಗೇ" ಎಂದಳು. ನಾನು ಎದೆಯೆತ್ತಿ ನಡೆಯತೊಡಗಿದೆ. ಬೀದಿಯಲ್ಲಿ ಕುಳ್ಳಾ ಎಂದವನನ್ನು, "ಇನ್ನೊಂದೆರಡ್ ತಿಂಗ್ಳು ತಾಳು, ತೋರಿಸ್ತೀನಿ" ಎಂದು ಹೆದರಿಸಿದೆ. ಬಾಗಿಲು ದಾಟುವಾಗ ಅಣ್ಣನಂತೆ ತಲೆ ಬಗ್ಗಿಸುವ ಅಭ್ಯಾಸ ಮಾಡಿಕೊಂಡೆ. ಬಾಗಿಲಿಗೂ ನನ್ನ ತಲೆಗೂ ಮಧ್ಯೆ ಇನ್ನೊಬ್ಬ ಮನುಷ್ಯ ಹಿಡಿಸುವಷ್ಟು ಜಾಗವಿತ್ತು, ಇರಲಿ, ಅಭ್ಯಾಸ ಮೊದಲೇ ಇರುವುದು ಒಳ್ಳೆಯದು.

ಒಂದು ದಿನ ನರಸಮ್ಮನ ಪಕ್ಕದಲ್ಲಿ ನಿಂತು, "ನೋಡು, ಬೆಳ್ದಿದೀನಾ?" ಎಂದು ಕೇಳಿದೆ.

ಅವಳು ಬಹಳ ಗಂಭೀರವಾಗಿ ನೋಡಿ, "ಬೆಳ್ದಿದೀರಿ. ಮೊಣಕಾಲಿಂದ ಕೆಳಗೆ" ಎಂದಳು.

ಅದನ್ನೂ ನಾನು ನಂಬಿದೆ.

ನಮ್ಮಲ್ಲಿ ಅಮಾವಾಸ್ಯೆಯ ದಿನ ಮಗ್ಗ ಆಡುವ ಹಾಗಿಲ್ಲ. ಅವತ್ತು ಗಂಡಸರು ಪೇಟೆ ಸುತ್ತಲು ಹೋಗುತ್ತಾರೆ. ಮನೆಯ ಸೊಸೆ ಮಗ್ಗ ಒರೆಸಿ, ಸಾಂಬ್ರಾಣಿ ಹಾಕಿ, ಗುಣಿಗೆ ಇಳಿದು ಕಸ ತೆಗೆದು, ಕೆಮ್ಮಣ್ಣು ಸಗಣಿ ಕಲಸಿ ನೆಲ ಸಾರಿಸಬೇಕು. ಒಂದು ಅಮಾವಾಸ್ಯೆ ಪೇಟೆಯಲ್ಲಿ ಬಿಸಿಲು ತಾಳಲಾರದೆ ನಾನು ಬೇಗ ಮನೆಗೆ ಬಂದೆ. ಅವ್ವ ಗುಡಿಗೆ ಹೋಗಿದ್ದಳು. ನರಸಮ್ಮ ತುಳಿಹಲಗೆಗಳನ್ನು ಬಿಚ್ಚಿ ಮೇಲಿಟ್ಟು, ಸೆರಗು ಸಿಕ್ಕಿಸಿಕೊಂಡು ಗುಣಿಯಲ್ಲಿ ನಿಂತಿದ್ದಳು. ಪಕ್ಕದಲ್ಲಿ ಕಲಸಿದ ಮಣ್ಣು, ಸಾರಿಸಲು ಬೇಕಾದಷ್ಟಲ್ಲ, ಒಂದು ತುಂಬಿದ ಬುಟ್ಟಿ. ಮೊದಲ ಅಮಾವಾಸ್ಯೆಯಲ್ಲಿ ಅದೇ ಗುಣಿಯಲ್ಲಿ ಅವಳು ಸೊಂಟದವರೆಗೆ ಮುಳುಗಿದ್ದುದನ್ನು ನಾನು ಕಂಡಿದ್ದೆ. ಈಗ ಅಂಚು ಅವಳ ತೊಡೆಗಿಂತ ಕೆಳಗಿತ್ತು.

ಹೊಳೆಯಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು. ಹೊಳೆದಾಗ ಬಂದದ್ದು ಭಯವಲ್ಲ, ಸಿಟ್ಟು.

"ಅಂಗಾದ್ರೆ ನಾನು ಬೆಳ್ದಿಲ್ವಾ?"

"ಇಲ್ಲ."

"ಒಂದ್ ಬೆರಳೂ?"

"ಇಲ್ಲ. ನೆಲ ಬೆಳ್ದೈತೆ."

ಊರಿಗೆಲ್ಲ ಹೇಳಿಕೊಂಡು ಬಂದಿದ್ದೆನಲ್ಲ! ಬೀದಿಯವನಿಗೆ ಎರಡು ತಿಂಗಳ ಗಡುವು ಬೇರೆ ಕೊಟ್ಟಿದ್ದೆ! ಕೂತು ತಲೆ ಚಚ್ಚಿಕೊಂಡೆ. ಆಮೇಲೆ ಭಯ ಬಂತು. "ಅವ್ವ ಏನಂದಿದ್ಲು? ಆಳ್ ಬದುಕಿರೋವಾಗ ಗುಣಿ ಮುಚ್ಬಾರ್ದು ಅಂತ ತಾನೇ?" ಎಂದೆ.

ಅವಳು ಮಣ್ಣಿನ ಕೈಯನ್ನು ಗುಣಿಯ ಅಂಚಿಗೆ ಒರೆಸಿಕೊಂಡಳು. "ಮುಚ್ಚಿಲ್ಲ. ಸಾರ್ಸಿದೀನಿ. ಸೊಸೆ ಸಾರಿಸ್ಬೇಕು ಅಂತ ಅತ್ತೇನೇ ಯೋಳವ್ರೆ. ತೆಳ್ಳಗೆ ಸಾರ್ಸು ಅಂತ ಯೋಳಿಲ್ಲ." ಇಷ್ಟು ಹೇಳಿ ಮತ್ತೆ ಬಗ್ಗಿದವಳು, ನನ್ನ ಕಡೆ ನೋಡದೆ, "ದಿನಾ ಸಾಯಂಕಾಲ ಗೋಡೆ ಇಡ್ಕೊಂಡು ಏಳ್ತೀರಲ್ಲ, ಅದ ನೋಡಾಕಾಗಲ್ಲ ನಂಗೆ. ಅಷ್ಟೇ" ಎಂದಳು.

ಹುಟ್ಟಿದಾಗಿನಿಂದ ಎಲ್ಲರೂ ನನ್ನನ್ನು ಗುಣಿಯ ಅಳತೆಗೆ ಬೆಳೆಯಲಿಲ್ಲವೆಂದು ಬೈದವರೇ. ಗುಣಿಯನ್ನು ನನ್ನ ಅಳತೆಗೆ ತರಬೇಕೆಂದು ಕೈ ಕೆಸರು ಮಾಡಿಕೊಂಡವಳು ಇವಳೊಬ್ಬಳು. ನನಗೆ ಅವತ್ತು ಅಳು ಬಂತು. ಬಿಸಿಲಿಗೆ ಕಣ್ಣು ಉರಿಯುತ್ತಿದೆ ಎಂದು ಹೇಳಿ ಹಿತ್ತಲಿಗೆ ಹೋದೆ. ವಾಪಸು ಬಂದು ಬುಟ್ಟಿ ಎತ್ತಿಕೊಟ್ಟೆ. ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಹುಣಿಸೆ ತುಂಡುಗಳು ಬೇಡವಾದವು. ಬರಿಗಾಲು ನೇರ ತುಳಿಹಲಗೆಯ ಮೇಲೆ ಕೂತಿತು.

ಅಷ್ಟರಲ್ಲಿ ಆಣೆಕಟ್ಟು ಮುಗಿಯಿತು. ನನ್ನ ಬೇಡಿಕೆ ದೇವರಿಗೆ ಕೇಳಿಸಿರಲಿಲ್ಲ, ಅಥವಾ ಇಷ್ಟು ಕೆಳಗಿನಿಂದ ಕೂಗಿದ್ದು ಅಷ್ಟು ಮೇಲಕ್ಕೆ ಮುಟ್ಟಲಿಲ್ಲ. ಅಣ್ಣ ಅತ್ತಿಗೆಯೊಂದಿಗೆ ಬಂದಿಳಿದ. ಮೊದಲೇ ದೊಡ್ಡ ಆಳು, ಈಗ ಬಿಸಿಲಿಗೆ ಕಪ್ಪಾಗಿ ಇನ್ನೂ ದೊಡ್ಡದಾಗಿ ಕಾಣುತ್ತಿದ್ದ. ಬಾಗಿಲಲ್ಲಿ ತಲೆ ಬಗ್ಗಿಸಿದರೂ ಹಣೆಗೆ ಹೊಡೆಸಿಕೊಂಡ. ಊಟಕ್ಕೆ ಕೂತರೆ ಆಣೆಕಟ್ಟಿನದೇ ಮಾತು. ಅದರ ಎದುರು ನಿಂತರೆ ಆನೆಯೂ ಇರುವೆಯಂತೆ ಕಾಣುತ್ತದಂತೆ, ಅದರ ಹಿಂದೆ ನಿಂತ ನೀರಿಗೆ ಆಚೆದಡವೇ ಕಾಣುವುದಿಲ್ಲವಂತೆ. "ನಮ್ ಸೇಲಂ ಪೇಟೆ ಏನು, ಚಿಳ್ಳೆ" ಎಂದ. ಪೇಟೆಯೇ ಚಿಳ್ಳೆಯಾದರೆ ನಾನು ಏನೆಂದು ಕೇಳಲು ಹೋಗಲಿಲ್ಲ.

ಊಟವಾಯಿತು. ಎಲೆಯಡಿಕೆ ಹಾಕಿಕೊಂಡು ಅಣ್ಣ ಎದ್ದು ನಿಂತು, "ಎಲ್ಲಿ, ನಮ್ ಮಗ್ಗ ಎಂಗೈತೆ ನೋಡಾನ" ಎಂದ.

ಅವ್ವ ಮುಖ ಅರಳಿಸಿಕೊಂಡು ಹಿಂದೆಯೇ ಬಂದಳು. ಅರ್ಧ ನೇಯ್ದ ಸೀರೆ ಮಗ್ಗದಲ್ಲಿತ್ತು, ಅರಿಶಿನದ ಬಣ್ಣಕ್ಕೆ ಕೆಂಪಂಚು. ನಾನು ಪಕ್ಕಕ್ಕೆ ಸರಿದು ನಿಂತೆ. ನರಸಮ್ಮ ಮೂಲೆಯಲ್ಲಿ ರಾಟೆ ತಿರುಗಿಸುತ್ತಿದ್ದಳು, ತಲೆಯೆತ್ತಲಿಲ್ಲ. ಅವಳ ಪಕ್ಕದಲ್ಲಿ ಇನ್ನೊಂದು ರಾಟೆ ಖಾಲಿ ಇತ್ತು. ನನ್ನ ಕಣ್ಣು ಅದರ ಮೇಲೆಯೇ ಇತ್ತು.

ಅಣ್ಣ ಅಂಚಿನ ಮೇಲೆ ಕೂತು ಕಾಲು ಇಳಿಬಿಟ್ಟ. ಅವನ ಮೊಣಕಾಲು ಬಟ್ಟೆ ಸುತ್ತುವ ಮರಕ್ಕೆ ಬಡಿದು ಸೀರೆ ಅದುರಿತು. ಕಾಲು ಎಳೆದುಕೊಂಡು ಓರೆಯಾಗಿ ಇಳಿಬಿಟ್ಟ. ಈಗ ಮೊಣಕಾಲು ಗದ್ದಕ್ಕೆ ಬಂತು.

"ಇದ್ಯಾಕೋ ಗುಣಿ ಸಣ್ದಾಗೈತೆ?" ಎಂದ.

ಜನ್ಮದಲ್ಲಿ ಮೊದಲ ಸಲ ನಮ್ಮ ಮನೆಯಲ್ಲಿ ಯಾರೋ ಆ ಮಾತನ್ನು ನನ್ನನ್ನು ನೋಡದೆ ಆಡಿದ್ದರು. ಆದರೆ ಹಿಗ್ಗುವ ಸಮಯವಾಗಿರಲಿಲ್ಲ. ಅವ್ವ, "ನೀನೇ ಬೆಳ್ದಿದೀಯ ಕಣಪ್ಪಾ, ಕಾವೇರಿ ನೀರು!" ಎಂದಳು. ನೋಡಿದಿರಾ? ನಾನು ಬೆಳೆದೆನೆಂದಾಗಲೂ ನಂಬಿದಳು, ಅವನು ಬೆಳೆದನೆಂದೂ ನಂಬಿದಳು. ಬೆಳೆಯಲಾರದ್ದು ಗುಣಿಯ ನೆಲ ಒಂದೇ.

ಆದರೆ ಅಣ್ಣ ಬಂಡೆ ಒಡೆದು ಬಂದಿದ್ದರೂ ನೇಯುವವನೇ. ಬಗ್ಗಿ ಕೈ ಇಳಿಸಿ ನೆಲ ಮುಟ್ಟಿದ. ಉಗುರಿನಿಂದ ನೆಲದ ಅಂಚು ಕೆರೆದ. ಒಂದರ ಮೇಲೊಂದು ಸಾರಣೆಯ ಪದರಗಳು, ಕೆಂಪು, ಕಂದು, ಮತ್ತೆ ಕೆಂಪು. ಅಮಾವಾಸ್ಯೆ ಅಮಾವಾಸ್ಯೆಯೂ ಅಲ್ಲಿ ಮಲಗಿತ್ತು. ಅವನು ಬೆರಳ ಮಣ್ಣನ್ನು ನೋಡಿದ, ರಾಟೆಯ ಕಡೆ ನೋಡಿದ. ರಾಟೆ ನಿಂತಿತ್ತು. ತಾನು ಬದುಕಿರುವಾಗಲೇ ತನ್ನ ಗುಣಿಗೆ ಮಣ್ಣು ಬಿದ್ದಿದೆಯೆಂದು ಅವನು ಬಾಯಿಬಿಟ್ಟು ಒಂದು ಮಾತು ಆಡಿದರೆ ಅವ್ವ ಆ ಹುಡುಗಿಯನ್ನು ಅವತ್ತೇ ನಂಗವಳ್ಳಿಗೆ ಅಟ್ಟುತ್ತಿದ್ದಳು. "ಅಣ್ಣಾ, ಅದು ನಾನೇ" ಎಂದು ಶುರುಮಾಡಿದೆ.

"ಸುಮ್ಕಿರಲೇ" ಎಂದ.

ಮಣ್ಣಿನ ಬೆರಳನ್ನು ಪಂಚೆಗೆ ಒರೆಸಿಕೊಂಡ. ಸೀರೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉದ್ದಕ್ಕೂ ಜಾರಿಸಿ ನೋಡಿದ, ಎಲ್ಲೂ ಎಡವಲಿಲ್ಲ. ಆಮೇಲೆ ಎರಡು ಕೈಯೂರಿ ಆ ಉದ್ದ ಕಾಲುಗಳನ್ನು ಕಷ್ಟಪಟ್ಟು ಮೇಲಕ್ಕೆಳೆದುಕೊಂಡು ಎದ್ದ.

"ಬಾರಲೇ ಸಣ್ಣೋನೆ, ಕೂತ್ಕ. ನಿನ್ ಗುಣಿ ಇದು. ನಂಗಾಗಾಕಿಲ್ಲ."

ಅವ್ವ ಏನೋ ಹೇಳಲು ಬಂದಳು. ಅವನು ಅವಳ ಹೆಗಲ ಮೇಲೆ ಕೈಯಿಟ್ಟು, "ಜಗುಲೀಲಿ ನಂಗೊಂದು ತೋಡ್ಕೊಂತೀನಿ ಬುಡವ್ವಾ. ಅಣೆಗೆ ಅಗ್ದೋನಿಗೆ ಒಂದ್ ಗುಣಿ ಎಷ್ಟರದು?" ಎಂದ. ಆಮೇಲೆ ತೋಡಿಕೊಂಡ ಕೂಡ. ಗುಣಿಯಲ್ಲ ಅದು, ಬಾವಿ. ಬೀದಿಯ ಕೋಳಿಗಳು ಬಿದ್ದರೆ ಹಗ್ಗ ಬಿಟ್ಟು ಎತ್ತಬೇಕಾಗುತ್ತಿತ್ತು.

ನಾನು ನನ್ನ ಗುಣಿಯಲ್ಲಿ ಕೂತೆ. ಮೊದಲ ತುಳಿತ ತಪ್ಪಿತು. ಮೂಲೆಯಲ್ಲಿ ರಾಟೆ ಮತ್ತೆ ತಿರುಗಿತು. ಇಂಥ ಹೊತ್ತಿಗೆ ಅಣ್ಣನಿಗೆ ಏನಾದರೂ ದೊಡ್ಡ ಮಾತು ಹೇಳಬೇಕಿತ್ತು. ನನ್ನ ಬಾಯಿಗೆ ಬಂದದ್ದು, "ಅಣ್ಣಾ, ನಿನ್ ಮೊಳದ ಕೋಲು ತಗೊಂಡೋಗು" ಅಂತ.

ಎರಡು ದಿನ ಬಿಟ್ಟು ಸೀರೆ ಕೊಳ್ಳುವ ಸಾಹುಕಾರರ ಆಳು ಬಾಗಿಲಲ್ಲಿ ನಿಂತು, ದೊಡ್ಡೋನ ಮಗ್ಗದ ಸೀರೆ ಆಯಿತೇ ಎಂದು ಕೂಗಿದ. ಅವ್ವ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. ಗುಣಿಯ ವಿಷಯ ಅವಳಿಗೆ ತಿಳಿದಿತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಅವಳು ಎರಡು ಬೆರಳು ಅಗಲಿಸಿ ನನ್ನ ಅಳತೆ ತೋರಿಸಲಿಲ್ಲ. ಬಾಗಿಲಿಗೆ ಹೋಗಿ, ಬೀದಿಗೆಲ್ಲ ಕೇಳುವ ಹಾಗೆ, "ದೊಡ್ಡೋನದು ಇನ್ನೂ ಗುಣೀನೇ ಆಗಿಲ್ಲ. ನೀ ಕೇಳ್ತಿರೋದು ಸಣ್ಣೋನ ಮಗ್ಗದ ಸೀರೆ. ಇವತ್ತು ಇಳೀತದೆ, ನಿಂತ್ಕ" ಎಂದಳು.